ಊಟ ಹಾಕಿ ಅಭಿಪ್ರಾಯ ಕೇಳಿದರೆ ಸಾಕಾ?
ರೈತರನ್ನು ಕಲಬುರಗಿಗೆ ಕರೆಸಿ, ಅವರು ಬಳಸುವ ಆ್ಯಪ್ ಬಗ್ಗೆ ಒಂದು ದಿನ ಅಭಿಪ್ರಾಯ ಕೇಳಿದರೆ ‘ಲಿವಿಂಗ್ ಲ್ಯಾಬ್’ ಆಯಿತು ಎಂದು ಲೇಖನವೊಂದು ಹೇಳಿದೆ. ಆ ಮಾತು ಒಪ್ಪೋಕಾಗಲ್ಲ. 2006ರಲ್ಲಿ ಯುರೋಪಿನಲ್ಲಿ ಇಂಥ ಲ್ಯಾಬ್‌ಗಳ ಜಾಲ ಶುರುವಾಯಿತು. ಹೊಸದೇನನ್ನಾದರೂ ಜನ ಬದುಕುವ ಜಾಗದಲ್ಲೇ, ಅವರ ಜೊತೆಗೇ ಮಾಡಿ ನೋಡುವುದು ಲಿವಿಂಗ್ ಲ್ಯಾಬ್‌ನ ತಿರುಳು.

ನಮ್ಮ ಆಳಂದ ಕಡೆ ಬನ್ನಿ. ತೊಗರಿ ಮಾರಲು ಹೆಸರು ನೋಂದಾಯಿಸೋಕೆ ಕೂತರೆ ಓಟಿಪಿ ಹೋಗುವುದು ಪುಣೆಯಲ್ಲಿ ದುಡಿಯುವ ಮಗನ ಫೋನಿಗೆ. ಅವನು ಫೋನ್ ಎತ್ತುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಇದೇ ಅಪ್ಪನನ್ನು ಹಾಲ್‌ನಲ್ಲಿ ಕೂರಿಸಿ ಕೇಳಿದರೆ ‘ಎಲ್ಲಾ ಛಲೋ ಅದರೀ ಸಾಹೇಬ್ರ’ ಅಂತಾನೆ. ಊಟ ಹಾಕಿದವರಿಗೆ ಇನ್ನೇನು ಹೇಳಿಯಾನು ಪಾಪ!

ಡಿಸೆಂಬರ್-ಜನವರಿಯಲ್ಲಿ ರಾಶಿ ನಡೆಯುವಾಗ ಹೊಲಕ್ಕೇ ಹೋಗಿ ಆ್ಯಪ್ ಕೊಟ್ಟು ನೋಡಿ. ತಿದ್ದಿದ ಮೇಲೆ ಮತ್ತೆ ಅದೇ ಜನರ ಕೈಗೆ ಕೊಡಿ. ಅದಕ್ಕೆ ದುಡ್ಡು ಯಾರು ಹಾಕುತ್ತಾರೆ ಎಂಬುದನ್ನು ಲೇಖನ ಹೇಳಲೇ ಇಲ್ಲ, ಅಲ್ವಾ?