ಬಸ್ಕಿಯಲ್ಲ, ಮಗ್ಗಿ

ಹಾಸನದಲ್ಲಿರುವ ಅಮ್ಮನಿಗೆ ಮೊನ್ನೆ ವಾಟ್ಸಾಪ್‌ನಲ್ಲಿ ಮಗಳ ವಿಡಿಯೊ ಕಳಿಸಿದ್ದೆ. ಏಳರ ಮಗ್ಗಿ ಹೇಳುತ್ತ, ಒಂದೊಂದು ಉತ್ತರಕ್ಕೂ ಒಂದೊಂದು ಮೆಟ್ಟಿಲು ಕುಪ್ಪಳಿಸಿ ಹತ್ತುತ್ತಿದ್ದಳು. ಶಾಲೆಯಲ್ಲಿ ಕಲಿತದ್ದು. ಅಮ್ಮ ಕೂಡಲೇ ಫೋನ್ ಮಾಡಿದರು: "ಏನೋ ತಪ್ಪು ಮಾಡ್ತು ಮಗು? ಯಾಕೋ ಹಂಗೆ ಕುಣಿಸ್ತಿದೀಯ?"

ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಓದಿದ ಶಾಲೆಯಲ್ಲಿ ತರಗತಿಯೊಳಗೆ ಮೈ ಅಲ್ಲಾಡುತ್ತಿದ್ದುದು ಶಿಕ್ಷೆಗೆ ಮಾತ್ರ. ಏಳೆಂಟ್ಲ ಐವತ್ತಾರು ಮರೆತರೆ ಕಿವಿ ಹಿಡಿದು ಐವತ್ತು ಬಸ್ಕಿ. (ಬಸ್ಕಿ ಎಣಿಸುವಾಗ ಮಾತ್ರ ಲೆಕ್ಕ ತಪ್ಪುತ್ತಿರಲಿಲ್ಲ.) ಮಿಕ್ಕ ಹೊತ್ತೆಲ್ಲ ಕೈ ಕಟ್, ಬಾಯ್ ಮುಚ್.

ನಾವಿರುವುದು ಡೆನ್ಮಾರ್ಕಿನಲ್ಲಿ. ಮಕ್ಕಳು ದಿನಕ್ಕೆ ಸರಾಸರಿ 45 ನಿಮಿಷ ಮೈಯಾಡಿಸಬೇಕೆಂದು 2014ರ ಶಾಲಾ ಸುಧಾರಣೆ ಇಲ್ಲಿನ ಸರ್ಕಾರಿ ಶಾಲೆಗಳಿಗೆ ಕಡ್ಡಾಯ ಮಾಡಿತು. ಪಿ.ಟಿ. ಪೀರಿಯಡ್ಡಿನಲ್ಲಷ್ಟೇ ಅಲ್ಲ, ಗಣಿತ, ಭಾಷೆಯ ಪಾಠದೊಳಗೂ. ಒಮ್ಮೆ ಶಾಲೆಗೆ ಹೋದಾಗ ಓಡುವ ಉಕ್ತಲೇಖನ ನೋಡಿದೆ. ವಾಕ್ಯದ ಚೀಟಿ ಹೊರಗೆ ಕಾರಿಡಾರ್ ಗೋಡೆಯ ಮೇಲೆ. ಒಬ್ಬ ಹುಡುಗ ಓಡಿಹೋಗಿ ಓದಿದ, ತುಟಿಯಲ್ಲೇ ಗುನುಗಿಕೊಳ್ಳುತ್ತ ವಾಪಸ್ ಓಡಿ ಬಂದ, ಬರೆಯಲು ಕೂತ ಜೊತೆಗಾರನಿಗೆ ಅರ್ಧ ಹೇಳಿ ಮಿಕ್ಕಿದ್ದು ಮರೆತ, ಮತ್ತೆ ಓಡಿದ. ಗಲಾಟೆಯೋ ಗಲಾಟೆ. ಟೀಚರ್ ಒಂದು ಸಲವೂ "ಶ್" ಅನ್ನಲಿಲ್ಲ. ಹಾಗಂತ ಎಲ್ಲವೂ ಹೀಗಿಲ್ಲ. ಮಕ್ಕಳನ್ನು ಎಬ್ಬಿಸಿ ನಾಲ್ಕು ಸಲ ಹಾರಿಸಿ ಕೂರಿಸಿ, ನಿಮಿಷ ತುಂಬಿಸುವುದನ್ನೂ ನೋಡಿದ್ದೇನೆ. ಪಾಠಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಇದು ನಮಗೆ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ, ಅಂದರೆ ನಮ್ಮ ಸರ್ಕಾರಿ ಶಾಲೆಗಳ ಆಡುತ್ತ ಕಲಿಯುವ ಪದ್ಧತಿಯಲ್ಲಿ, ಬೆಂಚೇ ಇಲ್ಲ. ಮಗು ಕಲಿಕಾ ಏಣಿ (ಪಾಠದ ಮೆಟ್ಟಿಲುಗಳನ್ನು ತೋರಿಸುವ ಪಟ್ಟಿ) ನೋಡಿ ತನ್ನ ಕಾರ್ಡ್ ತಾನೇ ಹುಡುಕಿಕೊಂಡು, ಒಂದು ಗುಂಪಿನಿಂದ ಎದ್ದು ಇನ್ನೊಂದಕ್ಕೆ ಹೋಗುತ್ತದೆ, ಹಾಡಿಗೆ ಕುಣಿಯುತ್ತದೆ. ಆದರೆ ಮೂರನೇ ತರಗತಿ ದಾಟಿದರೆ ಅದೂ ಮುಗಿಯಿತು. ಅಷ್ಟರವರೆಗೂ ಬಿಡದ ಅಪ್ಪ-ಅಮ್ಮಂದಿರು ಬೇರೆ. "ಬರೀ ಆಟ ಆಡಿಸ್ತಾರೆ" ಅಂತ ನನ್ನ ತಂಗಿಯೇ ಮಗನನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕಿದಳು. ಈಗ ಒಂದೇ ಬೆಂಚಿನಲ್ಲಿ ನಾಲ್ವರು, ಮೊಣಕೈ ಆಡಿಸಲೂ ಜಾಗವಿಲ್ಲ. ಕಿಟಕಿಯಾಚೆ ಬಿಸಿಲು ಬಿದ್ದ ದೊಡ್ಡ ಮೈದಾನ ಖಾಲಿ ಹೊಡೆಯುತ್ತಿರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಈ ಊರಿನಲ್ಲಿ ಕೂತು ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಅಮ್ಮನಿಗೆ ಇಷ್ಟೆಲ್ಲ ವಿವರಿಸಿದೆ, ಅದು ಶಿಕ್ಷೆಯಲ್ಲ, ಪಾಠವೇ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ಮಗ್ಗಿ ತಪ್ಪಿದ್ರೆ ಏನ್ ಮಾಡ್ತಾರೋ? ಕೂರಿಸ್ತಾರಾ?"