ಎರಡನೇ ಕೊಡ ಯಾರು ಸುರೀತಾರ?

ಹುಬ್ಬಳ್ಳಿ-ಧಾರವಾಡದ ಕಡೆ ಹರೇದ ಹುಡುಗ್ರು, ಹುಡುಗ್ಯಾರು ಕನ್ನಡದಾಗ ಫ್ಯಾಂಟಸಿ ಪ್ರೇಮಕಾದಂಬರಿ ಬರ್ಯಾಕ ಹೊಂಟ್ರ ನನಗ ಭಾಳ ಖುಷಿ. ವೈರಿ ಪ್ರೇಮಿ ಆಗೂದು, ಸಾವಿಲ್ಲದ ನಾಯಕ, ಭವಿಷ್ಯವಾಣಿ ಹುಡುಗಿ, ಛತ್ರದಾಗ ಒಂದ ಮಂಚ ಉಳಿಯೂದು, ಈ ಟ್ರೋಪ್ (ಕತಿಗಳಾಗ ಮತ್ತ ಮತ್ತ ಬರೂ ಹಂದರ) ಬಿಡ್ರಿ ಅಂತ ನಾ ಅನ್ನಂಗಿಲ್ಲ. ಓದೋರು ಅವನ್ನ ಹುಡಿಕ್ಕೊಂಡು ಬರ್ತಾರ. ಕತಿ ಕೆಡೂದು ಅದರ ಬೆಲಿ ಯಾರೂ ತೆರದಿದ್ದಾಗ.

ವೈರಿ-ಪ್ರೇಮಿ ತಗೋರಿ. 3ನೇ ಅಧ್ಯಾಯಕ್ಕ ಆಕಿ ಕುತ್ತಿಗಿಗೆ ಚೂರಿ, 5ನೇದಕ್ಕ ಮುದ್ದು. ನಡುವ ಏನೂ ಆಗಿರೂದಿಲ್ಲ. ಬರ್ಯೂ ಮೊದಲ ಕೇಳ್ಕೋರಿ: ಇಬ್ಬರೂ 10 ನಿಮಿಷ ಕುಂತು ಮಾತಾಡಿದ್ರ ಜಗಳ ಮುಗೀತೈತೇನು? ಮುಗಿಯೂದಾದ್ರ ಅದನ್ನ 30 ಅಧ್ಯಾಯ ಎಳ್ಯಾಕ ಬರೂದಿಲ್ಲ. ಅವ ಕೆರಿ ತೂಬು ಮುಚ್ಚಿಸಿ ಆಕಿ ಊರಿನ ಮೆಣಸಿನಕಾಯಿ ಹೊಲ ಒಣಗಿಸ್ಯಾನ ಅಂದ್ರ ಅದು ವೈರ. ಆವಾಗ ಮೊದಲ ಅವಗ ತಪ್ಪು ತಿಳೀಬೇಕು. ಆಮ್ಯಾಲೆ, ಆಕಿ ನೋಡದಾಗ, ತನ್ನದೇನರ ಕಳಕೊಂಡು ಅವ ಆ ತೂಬು ತೆಗೀಬೇಕು. ಅದು ಆಕಿಗೆ ಬ್ಯಾರೆಯವರ ಬಾಯಿಂದ ಗೊತ್ತಾಗಬೇಕು. ಕೈ ಹಿಡಿಯೂದು ಇದರ ಮ್ಯಾಲೆ.

ಸಾವಿಲ್ಲದ, 500 ವರ್ಷದ ನಾಯಕ ನನಗ ಸೇರೂದಿಲ್ಲ. 1565ರ ತಾಳಿಕೋಟಿ ಯುದ್ಧದ ಹೊತ್ತಿಗೆ ಅವಗ 40ರ ಆಸುಪಾಸು. ವಿಜಯನಗರ ಬಿದ್ದದ್ದು ಕಂಡವನ ಬಾಯಾಗ ಕಾಲೇಜು ಹುಡುಗನ ಮಾತು ಹೆಂಗ ಬರ್ತೈತಿ? ನಾಯಕಿಗೆ 17 ವರ್ಷ. ಅಂಥವನ ಮುಂದ ಆಕಿ ‘ಒಲ್ಲೆ’ ಅನ್ನಾಕ ಎಲ್ಲೆ ಜಾಗ ಇಟ್ಟೀರಿ? ಬ್ಯಾರೆ ಲೋಕದಾವ ಬೇಕ ಬೇಕಂದ್ರ ಅವಗೊಂದು ಗಡುವು ಹಾಕ್ರಿ. ಗದಗ ಜಿಲ್ಲೆ ಶಿರಹಟ್ಟಿ ಹತ್ರದ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಚಳಿಗಾಲಕ್ಕ ಹಿಮಾಲಯ ದಾಟಿ ಬರ್ತಾವ, ಬಿಸಿಲು ಏರೂದರಾಗ ಹೊಳ್ಳಿ ಹೋಗ್ತಾವ. ನಿಮ್ಮ ನಾಯಕ ಆ ಹಿಂಡಿನಾಗಿನ ಹರೇದವ ಅನ್ರಿ. ಪ್ರತಿ ಅಧ್ಯಾಯದಾಗೂ ದಿನ ಕಡಿಮಿ ಆಕ್ಕೋತ ಹೋಗ್ತಾವ. ಹಿಮದ ಕೋಟಿ, ಮುಖವಾಡದ ನೃತ್ಯ ಯಾಕ ಬೇಕು?

ಭವಿಷ್ಯವಾಣಿದು ಸಣ್ಣ ಮಾತು. ಪಟ್ಟದಾನಿ ಯಾರ ಕೊರಳಿಗೆ ಮಾಲಿ ಹಾಕ್ತೈತೋ ಅವನ ರಾಜ ಅನ್ನೂದು ಅಜ್ಜಿ ಕತ್ಯಾಗೂ ಐತಿ. ಮಾಲಿ ಬಿದ್ದ ಮರುದಿನದಿಂದ ಬರೀರಿ.

ಮಾಯದ ನಿಯಮ ಹೆಂಗ ಕಟ್ಟಬೇಕಂದ್ರ ಹೂವಿನ ಗಿಡ ಆಗೂ ಹುಡುಗಿ ಜನಪದ ಕತಿ ನೋಡ್ರಿ. ಎರಡು ಕೊಡ ನೀರು, ಉಗುರು ತಾಗಿರಬಾರದು. ಮೊದಲನೇದು ಸುರಿದ್ರ ಆಕಿ ಗಿಡ. ಹೂ ಬಿಡಿಸೂವಾಗ ಚಿಗುರು ಮುರೀಬಾರದು, ಎಲಿ ಹರೀಬಾರದು. ಎರಡನೇದು ಸುರಿದ್ರ ಮತ್ತ ಹುಡುಗಿ. ಮುಂದಿನ ಕೇಡೆಲ್ಲ ಇದರೊಳಗಿಂದನ ಹುಟ್ಟತೈತಿ. ನಾದಿನಿ, ಆಕಿ ಗೆಳತ್ಯಾರು ಟೊಂಗಿ ಮುರೀತಾರ, ಎರಡನೇ ಕೊಡ ಹೆಂಗೆಂಗೋ ಸುರುವಿ ಓಡ್ತಾರ. ಕೈಕಾಲಿಲ್ಲದ ಅರ್ಧ ಮೈ ಉಳೀತೈತಿ. ಅದಕ್ಕೂ ಮೊದಲ ಗಿಡ ಆಗಂತ ಹಟ ಹಿಡಿದಾವ ಗಂಡನ. ಕೊನಿಗೆ ಅವನ ಆಕಿ ಮ್ಯಾಲೆ ನೀರು ಹಾಕಿ, ಗಿಡ ಆದ ಮ್ಯಾಲೆ ಮುರಿದ ಟೊಂಗಿ ಸರಿಮಾಡಿ, ಎರಡನೇ ಕೊಡ ಸುರೀತಾನ.

ಇಂಥಾ ದೃಶ್ಯ ನಿಮ್ಮ ಕಾದಂಬರ್ಯಾಗ ಬಂದ್ರ ಎರಡು ಪುಟ ಕೊಡ್ರಿ. ಯಾವ ಟೊಂಗಿ ಮೊದಲ ಮುಟ್ಟಿದ, ಏನಿಂದ ಕಟ್ಟಿದ, ಯಾವುದು ಕೂಡಲಿಲ್ಲ, ಎಲ್ಲಾ ಬರೀರಿ.