ಗುಂಡಿಗೆಗಿಂತ ಗುಡ್ಡ ಮುಖ್ಯ

ಒಂದು ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡ್ ಆಟದಲ್ಲಿ ಯಾರಾದರೂ ಪದಕ ಗೆದ್ದ ಕೂಡಲೇ ಎರಡು ಮಾತು ಕೇಳಿಬರುತ್ತವೆ: 'ಎಂಥಾ ಗುಂಡಿಗೆ!' ಮತ್ತು 'ಹುಟ್ಟು ಪ್ರತಿಭೆ'. ನನಗೆ ಎರಡರ ಮೇಲೂ ಅಷ್ಟು ನಂಬಿಕೆ ಇಲ್ಲ. ಆ ಪದಕದಲ್ಲಿ ದೊಡ್ಡ ಪಾಲು ಮನೆ ಹತ್ತಿರದ ಗುಡ್ಡದ್ದು.

ನ್ಯೂಜಿಲೆಂಡಿನ ವಾನಕ ನೋಡಿ. ಸರೋವರದ ದಂಡೆಯ ಸಣ್ಣ ಊರು. ಚಳಿಗಾಲದ ಒಲಿಂಪಿಕ್ಸಿನಲ್ಲಿ ಆ ದೇಶಕ್ಕೆ 2022ರವರೆಗೆ ಸಿಕ್ಕಿದ್ದು ಒಟ್ಟು ಆರೇ ಪದಕ. 1992ರಲ್ಲಿ ಒಂದು ಬೆಳ್ಳಿ, ಆಮೇಲೆ 26 ವರ್ಷ ಬರಿಗೈ. ಉಳಿದ ಐದನ್ನೂ ತಂದವರು ವಾನಕದಲ್ಲಿ ಬೆಳೆದ ಇಬ್ಬರು: ಸ್ನೋಬೋರ್ಡಿನ ಜೋಯಿ ಸಡೋವ್ಸ್ಕಿ-ಸಿನ್ನಟ್, ಸ್ಕೀ ಹಾಫ್‌ಪೈಪಿನ (ಅರ್ಧ ಕೊಳವೆಯಾಕಾರದ ಹಿಮದ ಕಾಲುವೆಯಲ್ಲಿ ಸ್ಕೀ ಕಸರತ್ತು) ನಿಕೋ ಪೋರ್ಟಿಯಸ್. 2018ರಲ್ಲಿ ಇಬ್ಬರೂ ಒಂದೇ ದಿನ ಕಂಚು ಗೆದ್ದರು, ಇಬ್ಬರಿಗೂ ಆಗ 16 ವರ್ಷ. ಆ ಊರಿನ ನೀರಲ್ಲೇ ಪ್ರತಿಭೆ ಇದೆ ಅಂತೀರಾ? ನಾನಂತೂ ಕಾರ್ಡ್ರೋನಾ ಕಡೆ ಬೆರಳು ತೋರಿಸುತ್ತೇನೆ. ಊರಿಂದ ಸ್ವಲ್ಪ ದೂರದಲ್ಲೇ ಇರುವ ಹಿಮದ ಗುಡ್ಡ ಅದು. ಜಂಪು, ಹಾಫ್‌ಪೈಪು ಎಲ್ಲ ಉಂಟು. ಯುರೋಪು, ಅಮೆರಿಕಾದಲ್ಲಿ ಬೇಸಿಗೆ ಇದ್ದಾಗ ಇಲ್ಲಿ ಚಳಿಗಾಲ. ಹಾಗಾಗಿ ಹೊರದೇಶಗಳ ಘಟಾನುಘಟಿಗಳು ಅಭ್ಯಾಸಕ್ಕೆ ಇಲ್ಲಿಗೇ ಬರುತ್ತಾರೆ. ಟಿವಿಯಲ್ಲಿ ಕಂಡವರು ತನ್ನ ಗುಡ್ಡದಲ್ಲೇ ಬಿದ್ದು, ಎದ್ದು, ಮತ್ತೆ ಬೀಳುವುದನ್ನು ನೋಡುತ್ತಾ ಬೆಳೆದ ಮಗುವಿಗೆ ಒಲಿಂಪಿಕ್ಸ್ ಅಂದರೆ ಆಕಾಶವಲ್ಲ.

ಅಮೆರಿಕಾದ ರೆಡ್ ಜೆರಾರ್ಡ್‌ಗೆ ಗುಡ್ಡಕ್ಕೆ ಹೋಗುವ ಶ್ರಮವೂ ಬೇಕಿರಲಿಲ್ಲ. ಕೊಲೊರಾಡೊದ ಸಿಲ್ವರ್‌ಥಾರ್ನ್‌ನಲ್ಲಿ ಮನೆಯವರು ಹಿತ್ತಲಲ್ಲೇ ಸ್ನೋಬೋರ್ಡಿನ ಪುಟ್ಟ ಪಾರ್ಕು ಕಟ್ಟಿಕೊಂಡಿದ್ದರು, ಮೇಲಕ್ಕೆ ಎಳೆದೊಯ್ಯುವ ಹಗ್ಗದ ಸಮೇತ. 2018ರ ಒಲಿಂಪಿಕ್ಸಿನಲ್ಲಿ, 17ನೇ ವಯಸ್ಸಿಗೆ ಸ್ಲೋಪ್‌ಸ್ಟೈಲ್ ಚಿನ್ನ; ಇಳಿಜಾರಿನ ಕಂಬಿ, ಜಂಪುಗಳ ಮೇಲೆ ಕಸರತ್ತು ಮಾಡುತ್ತಾ ಇಳಿಯುವ ಸ್ಪರ್ಧೆ ಅದು.

ಇನ್ನು ಗುಂಡಿಗೆ. ಗಾಳಿಯಲ್ಲಿ ತಿರುಗುವ ಹೊಸ ಕಸರತ್ತನ್ನು ಈಗ ಹೆಚ್ಚಿನವರು ನೇರ ಹಿಮದ ಮೇಲೆ ಕಲಿಯುವುದಿಲ್ಲ. ಮೊದಲು ಟ್ರ್ಯಾಂಪೊಲಿನ್, ಆಮೇಲೆ ಗಾಳಿ ತುಂಬಿದ ಏರ್‌ಬ್ಯಾಗ್, ಅಲ್ಲಿ ಮೈಗೆ ಹತ್ತಿದ ಮೇಲಷ್ಟೇ ಹಿಮ. ಬೇಸರ ತರಿಸುವಷ್ಟು ಲೆಕ್ಕಾಚಾರದ ಕೆಲಸ. 2018ರ ಮಹಿಳೆಯರ ಸ್ಲೋಪ್‌ಸ್ಟೈಲ್ ಫೈನಲ್‌ ಅನ್ನು ಜೋರು ಗಾಳಿಯಲ್ಲೇ ನಡೆಸಿಬಿಟ್ಟರು, ಹೆಚ್ಚಿನವರು ಬಿದ್ದರು. ಗಾಳಿ ಎತ್ತಿ ಹಾಕುವಾಗ ಧೈರ್ಯ ಕಟ್ಟಿಕೊಂಡು ಏನು ಮಾಡುವುದು? ಅವತ್ತು ಸ್ಪರ್ಧೆ ನಡೆಸಲೇಬಾರದಿತ್ತು ಅಂತಲೇ ನನ್ನ ಅಭಿಪ್ರಾಯ.

ಅದೇ ಲೆಕ್ಕಾಚಾರ ಫಲ ಕೊಟ್ಟಿದ್ದು 2022ರಲ್ಲಿ, ಬೀಜಿಂಗ್ ಒಲಿಂಪಿಕ್ಸಿನ ಮಹಿಳೆಯರ ಸ್ಲೋಪ್‌ಸ್ಟೈಲಿನಲ್ಲಿ. ಅಮೆರಿಕಾದ ಜೂಲಿಯಾ ಮರೀನೋ 87.68 ಅಂಕದೊಂದಿಗೆ ಮುಂದಿದ್ದರು. ಕೊನೇ ಸುತ್ತಿನ ಕೊನೇ ಸರದಿ ಜೋಯಿಯದು. ಕೊನೆಯ ಎರಡು ಜಂಪಿನಲ್ಲಿ ಒಂದರ ಹಿಂದೆ ಒಂದು ಡಬಲ್ ಕಾರ್ಕ್ 1080, ಅಂದರೆ ಪ್ರತಿ ಸಲ ಗಾಳಿಯಲ್ಲಿ ಎರಡು ಓರೆ ಪಲ್ಟಿಯ ಜೊತೆ ಪೂರ್ತಿ ಮೂರು ಸುತ್ತು. ಅಂಕ 92.88. ನ್ಯೂಜಿಲೆಂಡಿಗೆ ಚಳಿಗಾಲದ ಒಲಿಂಪಿಕ್ಸಿನ ಮೊದಲ ಚಿನ್ನ. ಅಂಕ ಬರುವ ಮೊದಲೇ ಪ್ರತಿಸ್ಪರ್ಧಿಗಳು ಓಡಿಬಂದು ಅವಳ ಮೇಲೆ ಬಿದ್ದು ತಬ್ಬಿಕೊಂಡರು. ಈ ಆಟದ ಹುಡುಗಿಯರ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಆ ದೃಶ್ಯದಿಂದ, ಇರಲಿ.

ಗುಡ್ಡದ ಬುಡದಲ್ಲಿರುವ ಮಕ್ಕಳೆಲ್ಲ ಚಾಂಪಿಯನ್ ಆಗುತ್ತಾರಾ ಅಂತ ಕೇಳಬಹುದು. ಇಲ್ಲ. ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ದುಡ್ಡು, ಬೋರ್ಡಿಗೆ ದುಡ್ಡು, ಹೊರದೇಶದ ಸ್ಪರ್ಧೆಗಳಿಗೆ ಇನ್ನೂ ದುಡ್ಡು. ಪ್ರಾಯೋಜಕರು ಮುಖ ತೋರಿಸುವುದು ಹೆಚ್ಚಾಗಿ ಹೆಸರು ಬಂದ ಮೇಲೆ. ಅಲ್ಲಿಯವರೆಗೆ ಅಪ್ಪ ಅಮ್ಮನ ಜೇಬೇ ಗತಿ. ಗೆದ್ದುಬಂದವರಿಗೆ ಮೆರವಣಿಗೆ ಮಾಡುವ ಊರುಗಳು ಆ ಖರ್ಚನ್ನು ಹತ್ತು ವರ್ಷದ ಮಕ್ಕಳ ಲಿಫ್ಟ್ ಪಾಸಿಗೆ ಹಾಕಲಿ, ನನಗೆ ಅದೇ ಸರಿ ಅನಿಸುತ್ತದೆ. ಒಪ್ಪದವರು ಬೈಯಬಹುದು, ಬೇಜಾರಿಲ್ಲ.